ಆಬ್ಜ್‌ಡಂಪ್‌ನಲ್ಲಿ ಎಣಿಸಿ, ಕಡಿಮೆ ಬರುವ ಇನ್‌ಸ್ಟ್ರಕ್ಷನ್ ಪ್ರೊಸೆಸರ್‌ನಿಂದ ತೆಗೆಯಬಹುದಾ?

ಆಬ್ಜ್‌ಡಂಪ್‌ನಲ್ಲಿ (ಕಂಪೈಲ್ ಆದ ಫೈಲ್‌ನಲ್ಲಿರುವ ಇನ್‌ಸ್ಟ್ರಕ್ಷನ್‌ಗಳನ್ನು ಪಟ್ಟಿ ಮಾಡುವ ಟೂಲ್) ಭಾಗಾಕಾರ ಅಲ್ಲೊಂದು ಇಲ್ಲೊಂದು ಮಾತ್ರ ಕಂಡಿತು, ಅದನ್ನು ಬಿಟ್ಟೇ ರಿಸ್ಕ್-ಫೈವ್ (ಯಾರು ಬೇಕಾದರೂ ಬಳಸಬಹುದಾದ ಇನ್‌ಸ್ಟ್ರಕ್ಷನ್ ಸೆಟ್) ಪ್ರೊಸೆಸರ್ ಮಾಡ್ಲಾ ಅಂತ ಕೇಳಿದ್ದೀರಿ. ಬೇಡ. ನಾನು ಇದನ್ನೇ ಮಾಡಿದ್ದೆ.

ನಮ್ಮೂರು ಶಿರಸಿ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಎಫ್‌ಪಿಜಿಎ (ಬೇಕಾದ ಸರ್ಕ್ಯೂಟ್ ನಾವೇ ತುಂಬಬಹುದಾದ ಚಿಪ್) ಬೋರ್ಡ್ ಮೇಲೆ ಸಣ್ಣ ಪ್ರೊಸೆಸರ್ ಮಾಡುತ್ತಿದ್ದೆ. ಅದರಲ್ಲಿ ಓಡಿಸಲು ಅಡಿಕೆ ಲೆಕ್ಕದ ಪ್ರೋಗ್ರಾಂ ಬರೆದಿದ್ದೆ. ರಾಶಿ, ಚಾಲಿ, ಬೆಟ್ಟೆ, ಯಾವುದು ಎಷ್ಟು ತೂಕ, ಏನು ದರ, ಕೊನೆಗೆ ಒಂದು ಚೀಟಿ. ಆಬ್ಜ್‌ಡಂಪ್ ಹಾಕಿ ಎಣಿಸಿದರೆ ಎಲ್ಲಿ ನೋಡಿದರೂ ಲೋಡ್ (ಮೆಮೊರಿಯಿಂದ ತರುವುದು), ಸ್ಟೋರ್ (ಮೆಮೊರಿಗೆ ಇಡುವುದು), ಕೂಡುವುದು. ಭಾಗಾಕಾರ ಹುಡುಕಿದರೂ ಸಿಗದಷ್ಟು. ಗುಣಾಕಾರ ಇಟ್ಟುಕೊಂಡು ಭಾಗಾಕಾರ ಕೈಬಿಟ್ಟೆ.

ತಪ್ಪಿದ್ದು ಇಲ್ಲೇ. ಆಬ್ಜ್‌ಡಂಪ್ ತೋರಿಸುವುದು ಫೈಲ್‌ನಲ್ಲಿ ಏನು ಬರೆದಿದೆ ಅಂತ. ಅದು ಎಷ್ಟು ಸಲ ಓಡಿತು ಅಂತ ಅಲ್ಲ. ಚೀಟಿಯಲ್ಲಿ 48350 ಅಂತ ಬರಬೇಕು ಅನ್ನಿ. ಹತ್ತರಿಂದ ಭಾಗಿಸಬೇಕು, ಶೇಷ 0. ಉಳಿದ 4835 ಮತ್ತೆ ಭಾಗಿಸಿದರೆ ಶೇಷ 5. ಹೀಗೆ ಐದು ಸಲ. ಫೈಲ್‌ನಲ್ಲಿ ಅದು ಒಂದೇ ಜಾಗ, ಆದರೆ ಪ್ರತಿ ಚೀಟಿಯ ಪ್ರತಿ ಅಂಕೆಗೂ ಓಡುತ್ತದೆ. ಹತ್ತು ಅಂತ ಮೊದಲೇ ಗೊತ್ತಿದ್ದರೆ ಕಂಪೈಲರ್ ಗುಣಾಕಾರದಲ್ಲೇ ಮುಗಿಸಬಹುದು. ನನ್ನ ಪ್ರಿಂಟ್ ಫಂಕ್ಷನ್‌ಗೆ ಭಾಗಿಸುವ ಸಂಖ್ಯೆಯಾಗಿ ಹತ್ತೂ ಬರಬಹುದು, ಹದಿನಾರೂ ಬರಬಹುದು. ಹಾಗಾಗಿ ಆ ದಾರಿಯೂ ಇಲ್ಲ. ಹಾರ್ಡ್‌ವೇರ್ ಇಲ್ಲದಿದ್ದರೆ ಪ್ರತಿ ಭಾಗಾಕಾರಕ್ಕೂ ಸಾಫ್ಟ್‌ವೇರ್ ಲೂಪ್. ಒಂದೊಂದೇ ಬಿಟ್ ಸರಿಸಿ ಕಳೆಯುವ ಲೂಪ್ ಆದರೆ 32 ಬಿಟ್‌ಗೆ 32 ಸುತ್ತು, ಸುತ್ತಿಗೆ ನಾಲ್ಕಾರು ಇನ್‌ಸ್ಟ್ರಕ್ಷನ್.

ಇಡೀ ಸೀಸನ್ನಿನ ಲೆಕ್ಕ ಕೊಟ್ಟಾಗ ಪ್ರೊಸೆಸರ್ ಹೆಚ್ಚಿನ ಹೊತ್ತು ಆ ಲೂಪಿನಲ್ಲೇ ಇತ್ತು. ಆಮೇಲೆ ಸೇರಿಸೋಣ ಅಂದರೆ ಭಾಗಾಕಾರ ಸಾಮಾನ್ಯವಾಗಿ ಒಂದೇ ಕ್ಲಾಕ್‌ನಲ್ಲಿ ಮುಗಿಯುವುದಿಲ್ಲ, ಮುಗಿಯುವವರೆಗೆ ಪೈಪ್‌ಲೈನ್ (ಇನ್‌ಸ್ಟ್ರಕ್ಷನ್‌ಗಳು ಒಂದರ ಹಿಂದೊಂದು ಹಂತ ಹಂತವಾಗಿ ಸಾಗುವ ಸಾಲು) ತಡೆದು ನಿಲ್ಲಿಸಬೇಕು. ನನ್ನ ಕಂಟ್ರೋಲ್‌ನಲ್ಲಿ ಅದಕ್ಕೆ ಜಾಗವೇ ಇಟ್ಟಿರಲಿಲ್ಲ. ಡೆಮೊ ಹೊತ್ತಿಗೆ ಮುಗಿಯಲೇ ಇಲ್ಲ.

ಇನ್ನೊಂದು ಮಾತು. ಸ್ಪೆಕ್‌ಇಂಟ್92 (ಪ್ರೊಸೆಸರ್ ವೇಗ ಅಳೆಯುವ ಹಳೆಯ ಪರೀಕ್ಷಾ ಪ್ರೋಗ್ರಾಂಗಳು) ಎಕ್ಸ್86 (ಇಂಟೆಲ್ ಬಗೆಯ ಪ್ರೊಸೆಸರ್) ಮೇಲೆ ಓಡಿಸಿ ಎಣಿಸಿದಾಗ ಮೊದಲ ಹತ್ತು ಬಗೆಯ ಇನ್‌ಸ್ಟ್ರಕ್ಷನ್‌ಗಳೇ 96% ಆಗಿದ್ದವು. ಲೋಡ್ 22%, ಕಂಡಿಷನಲ್ ಬ್ರಾಂಚ್ (ಷರತ್ತು ನೋಡಿ ಬೇರೆ ಕಡೆ ಹಾರುವುದು) 20%. ಆ ಹತ್ತರಲ್ಲಿ ಭಾಗಾಕಾರ ಇಲ್ಲ. ಅದನ್ನು ನೋಡಿ ಧೈರ್ಯ ಮಾಡಬೇಡಿ. ಅದು ಎಷ್ಟು ಸಲ ಅನ್ನುವ ಲೆಕ್ಕ, ಎಷ್ಟು ಹೊತ್ತು ಅನ್ನುವುದಲ್ಲ. ಕಡಿಮೆ ಬಂದದ್ದು ಬೇಡದ್ದು ಅನ್ನುವ ನಿಮ್ಮ ಲೆಕ್ಕಾಚಾರವನ್ನೇ ನಾನು ಒಪ್ಪುವುದಿಲ್ಲ.

ನಿಮ್ಮ ಪ್ರೋಗ್ರಾಂ ಅನ್ನು ಸ್ಪೈಕ್ ಸಿಮ್ಯುಲೇಟರ್‌ನಲ್ಲಿ (ರಿಸ್ಕ್-ಫೈವ್ ಪ್ರೊಸೆಸರ್‌ನಂತೆ ನಡೆದುಕೊಳ್ಳುವ ಸಾಫ್ಟ್‌ವೇರ್) ಓಡಿಸಿ, ಓಡಿದ ಇನ್‌ಸ್ಟ್ರಕ್ಷನ್‌ಗಳ ಲಾಗ್ ತೆಗೆದು ಎಣಿಸಿ. ಸುಮ್ನೆ ಎರಡು ಸಾಲಿನ ಟೆಸ್ಟ್ ಫೈಲ್ ಕೊಡಬೇಡಿ, ನಿಜವಾದ ಡೇಟಾ ಕೊಡಿ. ಲಾಗ್ ತುಂಬಾ ದೊಡ್ಡದಾಗುತ್ತದೆ, ಡಿಸ್ಕ್‌ನಲ್ಲಿ ಜಾಗ ಇಟ್ಟುಕೊಳ್ಳಿ. ಭಾಗಾಕಾರ ಕೊನೆಗೆ ಬೇಡ ಅನ್ನಿಸಿದರೂ ಪೈಪ್‌ಲೈನ್ ನಿಲ್ಲಿಸುವ ಸಿಗ್ನಲ್ ಮಾತ್ರ ಇವತ್ತೇ ಡಿಸೈನ್‌ನಲ್ಲಿ ಹಾಕಿಬಿಡಿ.