ಸಂಪಾದಕರ ಉತ್ತರ: ಅಧಿವೇಶನ ನಿಲ್ಲಿಸಿದರೆ ಯಾದಗಿರಿಗೆ ಶಾಲೆ ಬಂದೀತೇ?

ಮಾನ್ಯರೇ,

ಯಾದಗಿರಿ ಜಿಲ್ಲೆಯಿಂದ ತಾವು ಬರೆದ ಪತ್ರ ತಲುಪಿದೆ. ಬೆಳಗಾವಿಯ ಚಳಿಗಾಲದ ಅಧಿವೇಶನಕ್ಕೆ ವರ್ಷವರ್ಷವೂ ಹತ್ತಿಪ್ಪತ್ತು ಕೋಟಿ ರೂಪಾಯಿ ಸುರಿಯುವುದು ನಿಲ್ಲಬೇಕು, ವಿಧಾನ ಪರಿಷತ್ತು ರದ್ದಾಗಬೇಕು, ಉಳಿದ ಹಣ ಕಲ್ಯಾಣ ಕರ್ನಾಟಕದ ಶಾಲೆ, ಆಸ್ಪತ್ರೆಗಳಿಗೆ ಹೋಗಬೇಕು ಎಂಬುದು ತಮ್ಮ ವಾದ. 2025ರ ಮಾರ್ಚ್‌ನಲ್ಲಿ ಶಾಸಕರು ತಮ್ಮ ಮಾಸಿಕ ವೇತನವನ್ನು 40,000 ರೂಪಾಯಿಯಿಂದ 80,000ಕ್ಕೆ ಏರಿಸಿಕೊಂಡದ್ದನ್ನೂ ನೆನಪಿಸಿದ್ದೀರಿ. ತಮ್ಮ ಸಿಟ್ಟು ನ್ಯಾಯವಾದದ್ದು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿದ್ದಾಗ ತಮ್ಮ ಜಿಲ್ಲೆಯದು ಶೇ. 52ರಷ್ಟೂ ಇರಲಿಲ್ಲ, ರಾಜ್ಯದಲ್ಲೇ ಅದು ಕನಿಷ್ಠ. ಆದರೂ ತಾವು ಸೂಚಿಸಿದ ಪರಿಹಾರವನ್ನು ನಾನು ಒಪ್ಪಲಾರೆ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್ಟಿನಲ್ಲಿ ಘೋಷಣೆಯಾದ ಮೊತ್ತ 5,000 ಕೋಟಿ ರೂಪಾಯಿ. ಅಧಿವೇಶನದ ಖರ್ಚು ಇಪ್ಪತ್ತು ಕೋಟಿ ಎಂದೇ ಹಿಡಿದರೂ ಅದು ಈ ಮೊತ್ತದ ಶೇ. 0.4 ಮಾತ್ರ. ನಿಮ್ಮ ಭಾಗದ ಕೊರತೆ ಇಷ್ಟು ಸಣ್ಣ ಉಳಿತಾಯದಿಂದ ತುಂಬುವಂಥದ್ದಲ್ಲ. ಘೋಷಣೆಯಾದ ಹಣ, ಬಿಡುಗಡೆಯಾದ ಹಣ, ನಿಜವಾಗಿ ಖರ್ಚಾದ ಹಣ, ಈ ಮೂರರ ನಡುವಿನ ಅಂತರದಲ್ಲೇ ಹಿಂದುಳಿದ ತಾಲ್ಲೂಕುಗಳ ಪಾಲು ಕರಗಿಹೋಗುತ್ತ ಬಂದಿದೆ. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ತನ್ನ ವರದಿ ಕೊಟ್ಟಾಗ ಅಂದಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವೆಂದು ಗುರುತಿಸಿತ್ತು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವೇ ಆಗಿದ್ದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ವೆಚ್ಚ ಮಾಡಬೇಕೆಂದು ಅದು ಹೇಳಿದ್ದರೂ, ವಿಶೇಷ ಅಭಿವೃದ್ಧಿ ಯೋಜನೆ ಆರಂಭವಾದದ್ದೇ 2007-08ರಲ್ಲಿ. ಆ ಐದು ವರ್ಷಗಳ ವಿಳಂಬಕ್ಕೆ ಯಾವ ಸರ್ಕಾರವೂ ಉತ್ತರ ಕೊಡಬೇಕಾಗಿ ಬರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಉತ್ತರ ಕೇಳಬೇಕಾದ ಜಾಗ ಸದನ. ಇದು ನನ್ನ ಅಭಿಪ್ರಾಯ ಮಾತ್ರವಲ್ಲ, ಸಂವಿಧಾನವೇ ಹಾಗೆ ಹೇಳುತ್ತದೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ 371ಜೆ ವಿಧಿಯನ್ನು ನಾವು ಸಾಮಾನ್ಯವಾಗಿ ಉದ್ಯೋಗ ಮತ್ತು ಶಿಕ್ಷಣದ ಮೀಸಲಾತಿಗಾಗಿ ನೆನೆಯುತ್ತೇವೆ. ಆದರೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯ ಸ್ಥಾಪನೆಯ ಬಗ್ಗೆ ಹೇಳುವ ಭಾಗದಲ್ಲೇ, ಆ ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿವರ್ಷ ರಾಜ್ಯ ವಿಧಾನಸಭೆಯ ಮುಂದಿಡಬೇಕೆಂಬ ಮಾತೂ ಇದೆ. ಅಂದರೆ ನಿಮ್ಮ ಭಾಗದ ಹಣಕ್ಕೆ ಕಾವಲಾಗಿ ಸಂವಿಧಾನ ನೇಮಿಸಿದ್ದು ತಾವು ಖರ್ಚೆಂದು ಕರೆಯುವ ಅದೇ ಸದನವನ್ನು. ಕಾವಲುಗಾರ ನಿದ್ದೆಹೋದನೆಂದು ಕಾವಲನ್ನೇ ತೆಗೆದುಹಾಕಿದರೆ ಹಾನಿ ನಿಮಗೇ.

ಬೆಳಗಾವಿಯ ಬಗ್ಗೆ ತಮ್ಮ ಟೀಕೆಯಲ್ಲಿ ಬಹುಪಾಲು ಒಪ್ಪುತ್ತೇನೆ. 2012ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ, ಗಡಿ ವಿವಾದ ಸುಪ್ರೀಂ ಕೋರ್ಟಿನಲ್ಲಿದ್ದ ಕಾಲದಲ್ಲಿ, ಬೆಳಗಾವಿ ನಮ್ಮದೆಂದು ಸಾರಲು ಕಟ್ಟಿದ ಸೌಧವೂ ಹೌದು. ಆ ಉದ್ದೇಶಕ್ಕೆ ಅದರದೇ ಬೆಲೆಯಿದೆ. ಆದರೆ ಅದನ್ನು ಅಭಿವೃದ್ಧಿಯ ಲೆಕ್ಕಕ್ಕೆ ಬರೆದುಕೊಳ್ಳುವುದು ತಪ್ಪು. ಬೀದರಿನವರಿಗೆ ಬೆಳಗಾವಿಗಿಂತ ಹೈದರಾಬಾದೇ ಹತ್ತಿರ. ಕೆಲವು ಕಚೇರಿಗಳು ಬೆಳಗಾವಿಗೆ ಬಂದಿದ್ದರೂ, ಕಡತಕ್ಕೆ ಕೊನೆಯ ಸಹಿ ಹಾಕುವವರು ಬೆಂಗಳೂರಿನಲ್ಲೇ ಕುಳಿತಿದ್ದಾರೆ. ಉತ್ತರ ಕರ್ನಾಟಕದ ಚರ್ಚೆಯಂತೂ ಹಲವು ಬಾರಿ ಅಧಿವೇಶನದ ಕೊನೆಯ ದಿನಗಳಿಗೆ, ಅರ್ಧ ಖಾಲಿಯಾದ ಸದನಕ್ಕೆ ಸರಿದಿದೆ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು 2005ರಲ್ಲಿ ತಾನೇ ಕಾನೂನು ಮಾಡಿದ ಶಾಸಕಾಂಗ, ಅದನ್ನು ಪಾಲಿಸುವುದಕ್ಕಿಂತ ಮುರಿದದ್ದೇ ಹೆಚ್ಚು. ನನ್ನ ಆಕ್ಷೇಪ ಇರುವುದು ಅಧಿವೇಶನ ಸಾಲದಾಯಿತು ಎಂಬ ಕಡೆಗೆ. ಬೆಳಗಾವಿಯ ಮೊದಲ ಎರಡು ದಿನಗಳನ್ನು ಮಂಡಳಿಯ ವಾರ್ಷಿಕ ವರದಿಗೇ ಮೀಸಲಿಟ್ಟು, ತಾಲ್ಲೂಕುವಾರು ಲೆಕ್ಕದೊಂದಿಗೆ ಚರ್ಚಿಸಬೇಕೆಂದು ತಾವು ಬರೆದಿದ್ದರೆ ನಾನೂ ಆ ಪತ್ರಕ್ಕೆ ಸಹಿ ಹಾಕುತ್ತಿದ್ದೆ.

ಪರಿಷತ್ತಿನ ವಿಚಾರ ಬೇರೆಯೇ. ಅದನ್ನು ರದ್ದುಪಡಿಸಲು ವಿಧಾನಸಭೆಯ ವಿಶೇಷ ಬಹುಮತದ ನಿರ್ಣಯವೂ ಸಂಸತ್ತಿನ ಕಾನೂನೂ ಬೇಕು. ಅದರ 75 ಸದಸ್ಯರ ಪೈಕಿ 25 ಮಂದಿ ಸ್ಥಳೀಯ ಸಂಸ್ಥೆಗಳಿಂದ ಆಯ್ಕೆಯಾಗಬೇಕಾದವರು ಎಂಬುದನ್ನಷ್ಟೇ ಗಮನಿಸಿ. ಪರಿಷತ್ತು ಹೋದರೆ ಸ್ಥಳೀಯ ಸಂಸ್ಥೆಗಳಿಗೆ ಅಲ್ಲಿರುವ ದನಿಯೂ ಹೋಗುತ್ತದೆ.

ಇನ್ನು, ಜನಪ್ರತಿನಿಧಿಗಳ ಖರ್ಚು ಉಳಿದರೆ ಏನಾಗುತ್ತದೆಂಬ ಪ್ರಶ್ನೆಗೆ ಉತ್ತರ ನಮ್ಮ ಜಿಲ್ಲೆಗಳಲ್ಲೇ ಸಿಕ್ಕಿದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನ ಹೇಳಿದ್ದರೂ, ಕ್ಷೇತ್ರ ಪುನರ್ವಿಂಗಡಣೆ ಮತ್ತು ಮೀಸಲಾತಿಯ ತಕರಾರಿನಲ್ಲಿ ವರ್ಷಗಳೇ ಉರುಳಿ, ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಸದಸ್ಯರ ಗೌರವಧನವಿಲ್ಲ, ಸಭೆಯ ಭತ್ಯೆಯಿಲ್ಲ, ಚುನಾವಣೆಯ ವೆಚ್ಚವಿಲ್ಲ. ಹಾಗೆ ಉಳಿದ ಹಣದಿಂದ ತಮ್ಮ ಊರಿನ ಶಾಲೆಗೆ ಒಂದು ಕೊಠಡಿ ಹೆಚ್ಚಾಯಿತೇ? ಶಿಕ್ಷಕರಿಲ್ಲವೆಂದು ದೂರಲು ಹಿಂದೆ ಒಬ್ಬ ಜಿಲ್ಲಾ ಪಂಚಾಯಿತಿ ಸದಸ್ಯರಾದರೂ ಇದ್ದರು. ಚುನಾವಣೆ ನಿಂತ ಮೇಲೆ ಅವರೂ ಇಲ್ಲದಾದರು. ಈ ನಷ್ಟ ಬೆಂಗಳೂರಿಗೆ ಅಷ್ಟಾಗಿ ತಟ್ಟಲಿಲ್ಲ, ಯಾದಗಿರಿಯಂಥ ಜಿಲ್ಲೆಗಳಿಗೆ ತಟ್ಟಿತು.

ಮುಂದಿನ ಅಧಿವೇಶನಕ್ಕೆ ಮುಂಚೆ ತಮ್ಮ ಕ್ಷೇತ್ರದ ಶಾಸಕರನ್ನು ಕಂಡು, ಮಂಡಳಿಯಿಂದ ತಮ್ಮ ತಾಲ್ಲೂಕಿಗೆ ಕಳೆದ ಮೂರು ವರ್ಷಗಳಲ್ಲಿ ಘೋಷಣೆಯಾದ, ಬಿಡುಗಡೆಯಾದ ಮತ್ತು ಖರ್ಚಾದ ಮೊತ್ತವೆಷ್ಟೆಂದು ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಮೌಖಿಕವಾಗಿ ಉತ್ತರಿಸಬೇಕಾದ ಪ್ರಶ್ನೆ) ಕೇಳುವಂತೆ ಒತ್ತಾಯಿಸಿ. ಸಚಿವರ ಉತ್ತರ ಸಿಕ್ಕರೆ ನಮಗೆ ಕಳುಹಿಸಿ. ಅದನ್ನು ಪೂರ್ಣವಾಗಿ ಪ್ರಕಟಿಸುತ್ತೇವೆ.

— ಸಂಪಾದಕ