ಮನೆಯಲ್ಲೇ ಟೂತ್‌ಪೇಸ್ಟ್ ಮಾಡ್ಕೋಬಹುದು, ಆದರೆ ಮೊದಲು ನಿಮ್ಮ ಬೋರ್ ನೀರು ನೋಡಿ

ನೀವು ಕೇಳಿರೋದು ಒಂದಲ್ಲ, ಎರಡು ಪ್ರಶ್ನೆ. ಒಂದು, ಮನೆಯಲ್ಲೇ ನೈಸರ್ಗಿಕ ಟೂತ್‌ಪೇಸ್ಟ್ ಮಾಡೋದು ಹೇಗೆ ಅಂತ. ಇನ್ನೊಂದು, ಶಹಾಪುರ ಕಡೆಯ ನಿಮ್ಮ ಹಳ್ಳಿಯಲ್ಲಿ ಬೋರ್ ನೀರಲ್ಲೇ ಫ್ಲೋರೈಡ್ ಇದೆ ಅಂತಾರೆ, ಏಳು ವರ್ಷದ ಮಗಳ ಹಲ್ಲಿನ ಮೇಲೆ ಬಿಳಿ ಮಚ್ಚೆ ಬಂದಿವೆ, ಎರಡು ವರ್ಷದ ಮಗ ಬೇರೆ ಇದ್ದಾನೆ, ಅದೇ ಫ್ಲೋರೈಡ್ ಇರೋ ಅಂಗಡಿ ಪೇಸ್ಟ್ ನಿಲ್ಲಿಸಿಬಿಟ್ಟರೆ ಸರಿ ಹೋಗುತ್ತಾ ಅಂತ. ಮೊದಲನೇದಕ್ಕೆ ಉತ್ತರ ಸುಲಭ, ನಾನೇ ಒಂದೂವರೆ ವರ್ಷ ಮಾಡಿ ತಿಕ್ಕಿದ್ದೇನೆ. ಎರಡನೇದಕ್ಕೆ ಉತ್ತರ, ಇಲ್ಲ. ಬಿಡಬೇಕಾದ್ದು ಪೇಸ್ಟ್ ಅಲ್ಲ, ಆ ನೀರು.

ಮೊದಲೇ ಹೇಳಿಬಿಡ್ತೀನಿ, ನಾನು ಹಲ್ಲಿನ ಡಾಕ್ಟರ್ ಅಲ್ಲ. ಕಲಬುರಗಿಯಲ್ಲಿ ಇರೋನು, ಮನೆಯಲ್ಲಿ ಸಾಬೂನು, ಪೇಸ್ಟ್ ಅಂತ ಏನಾದರೂ ಕಲಸುತ್ತಾ ಕೂರೋ ಚಟ ಇದೆ, ಅದರಿಂದ ಕೈ ಸುಟ್ಟುಕೊಂಡಿದ್ದೂ ಇದೆ.

ನಾನು ಶುರು ಮಾಡಿದ್ದು ಎಲ್ಲರೂ ಹೇಳೋ ಹಾಗೆ ಕೊಬ್ಬರಿ ಎಣ್ಣೆ, ಅಡುಗೆ ಸೋಡಾ, ಒಂದಿಷ್ಟು ಲವಂಗದ ಎಣ್ಣೆ ಸೇರಿಸಿ. ವಿಡಿಯೋದಲ್ಲಿ ಅದು ಬೆಳ್ಳಗೆ ಬೆಣ್ಣೆ ಥರ ನಿಂತಿರುತ್ತೆ. ಆ ವಿಡಿಯೋ ಮಾಡಿದವರು ನಮ್ಮ ಊರಿನ ಏಪ್ರಿಲ್ ನೋಡಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಕರಗುತ್ತೆ, ಇಲ್ಲಿ ಮಧ್ಯಾಹ್ನ 42 ಆಗಿರುತ್ತೆ. ಬೆಳಿಗ್ಗೆ ಕಲಸಿಟ್ಟ ಡಬ್ಬಿ ಸಂಜೆ ತೆಗೆದು ನೋಡಿದರೆ ಮೇಲೆ ಒಂದು ಬೆರಳು ಎಣ್ಣೆ, ತಳದಲ್ಲಿ ಸೋಡಾ ಗಟ್ಟಿಯಾಗಿ ಕೂತಿದೆ, ಒಳ್ಳೇ ಉಪ್ಪಿನಕಾಯಿ ಡಬ್ಬಿ ಥರ. ಚಳಿಗಾಲದಲ್ಲಿ ಉಲ್ಟಾ. ಡಿಸೆಂಬರ್‌ನಲ್ಲಿ ದಿನಾ ಉಗುಳಿದ ಎಣ್ಣೆಯೆಲ್ಲಾ ಬಚ್ಚಲ ಪೈಪಿನೊಳಗೆ ಹೆಪ್ಪುಗಟ್ಟಿ ನೀರೇ ಇಳಿಯದ ಹಾಗಾಯ್ತು. "ಏನ್ ಹಚ್ಚೀದಿ ಇದು, ಮೋರಿ ಕಟ್ಟ್ಯಾದ ನೋಡು" ಅಂತ ಅಮ್ಮ ಬೈದಿದ್ದು ಇನ್ನೂ ಕಿವಿಯಲ್ಲಿದೆ. ಕುದಿಯೋ ನೀರು ಸುರಿದು ಬಿಡಿಸಬೇಕಾಯ್ತು. ಕೊಬ್ಬರಿ ಎಣ್ಣೆ ಬದಲು ನಮ್ಮ ಕಡೆಯ ಕುಸುಬಿ ಎಣ್ಣೆ ಹಾಕಬಹುದಾ ಅಂತ ಕೇಳೋರು ಇದ್ದಾರೆ. ಬೇಡ, ಅದು ಗಾಳಿ ತಾಗಿದರೆ ಬೇಗ ಕಮಟು ವಾಸನೆ ಹೊಡೆಯುತ್ತೆ, ಬಾಯಿಗೆ ಇಡೋಕೆ ಆಗಲ್ಲ.

ಕೊನೆಗೆ ಎಣ್ಣೆ ಬಿಟ್ಟು ಗ್ಲಿಸರಿನ್‌ಗೆ ಬಂದೆ. ಮೆಡಿಕಲ್ ಅಂಗಡಿಯಲ್ಲಿ ಸಣ್ಣ ಬಾಟಲಿ ಸಿಗುತ್ತೆ. ಬೇಸಿಗೆಗೂ ಬೇರೆಯಾಗಲ್ಲ, ಚಳಿಗೂ ಕಟ್ಟಲ್ಲ. ಈಗ ನಾನು ಮಾಡೋ ಅಳತೆ ಹೀಗಿದೆ. ಎರಡು ದೊಡ್ಡ ಚಮಚ ನುಣ್ಣಗಿನ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ, ಒಂದು ಸಣ್ಣ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಉಪ್ಪನ್ನು ಮಿಕ್ಸಿಯಲ್ಲಿ ಹಿಟ್ಟು ಮಾಡಿ ಹಾಕಬೇಕು, ಹರಳು ಇರಬಾರದು. ಇದಕ್ಕೆ ಗ್ಲಿಸರಿನ್ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಚಪಾತಿ ಹಿಟ್ಟಿಗಿಂತ ಸಡಿಲ, ದೋಸೆ ಹಿಟ್ಟಿಗಿಂತ ಗಟ್ಟಿ ಆಗೋವರೆಗೆ ಕಲಸಿ. ಕೊನೆಗೆ ಪುದೀನಾ ಎಣ್ಣೆಯೋ ಲವಂಗದ ಎಣ್ಣೆಯೋ ಎರಡೇ ಎರಡು ಹನಿ. ಅಷ್ಟೇ. ನೀರು ಮಾತ್ರ ಒಂದು ಹನಿಯೂ ಬೇಡ, ನೀರು ಬಿದ್ದರೆ ಬೂಸ್ಟು ಬರುತ್ತೆ, ನಾವು ಅದರಲ್ಲಿ ಕೆಡದ ಹಾಗೆ ಇಡೋ ಔಷಧಿ ಏನೂ ಹಾಕಿರಲ್ಲ. ಇದೇ ಕಾರಣಕ್ಕೆ ಡಬ್ಬಿಗೆ ಹಸಿ ಬ್ರಷ್ ಅದ್ದಬೇಡಿ. ನಮ್ಮ ಮನೆಯಲ್ಲಿ ಐದು ಜನ ಒಂದೇ ಡಬ್ಬಿಗೆ ಬ್ರಷ್ ಅದ್ದಿದ್ದು ನೆನೆಸಿಕೊಂಡರೆ ಈಗ ಹೇಸಿಗೆ ಆಗುತ್ತೆ. ಒಣಗಿದ ಐಸ್‌ಕ್ರೀಮ್ ಕಡ್ಡಿಯಿಂದ ತೆಗೆದು ಬ್ರಷ್‌ಗೆ ಹಚ್ಚಿಕೊಳ್ಳಿ, ಮೂರು ನಾಲ್ಕು ವಾರಕ್ಕೆ ಆಗೋಷ್ಟೇ ಮಾಡಿ.

ಸಾಮಾನು ತರುವಾಗ ಸ್ವಲ್ಪ ಹುಷಾರು. ಕಿರಾಣಿ ಅಂಗಡಿಯಲ್ಲಿ "ಖಾನೇ ಕಾ ಸೋಡಾ" ಅಂತಲೇ ಕೇಳಿ, ಬಟ್ಟೆ ಒಗೆಯೋ ಸೋಡಾ ಬೇರೆ, ಅದು ಬಾಯಿ ಸುಡುತ್ತೆ. ಕೇಕಿಗೆ ಹಾಕೋ ಬೇಕಿಂಗ್ ಪೌಡರ್ ಕೂಡ ಬೇರೆ, ಅದರಲ್ಲಿ ಹುಳಿ ಪುಡಿ ಬೆರೆತಿರುತ್ತೆ. ಇನ್ನು ಕ್ಯಾಲ್ಸಿಯಂ ಅಂದ ತಕ್ಷಣ ಎಲೆ ಅಡಿಕೆಯ ಸುಣ್ಣ ಹಾಕಿದವರನ್ನ ನಾನು ಬಲ್ಲೆ. ದಯವಿಟ್ಟು ಬೇಡ, ಸುಣ್ಣ ಒಸಡನ್ನ ಸುಟ್ಟು ಹಾಕುತ್ತೆ. ಬೋರ್ಡಿನ ಮೇಲೆ ಬರೆಯೋ ಚಾಕ್‌ಪೀಸೂ ಬೇಡ, ಅದು ಎಷ್ಟೋ ಸಲ ಜಿಪ್ಸಂ ಆಗಿರುತ್ತೆ. ಬಾಯಿಗೆ ಹಾಕಬಹುದಾದ ದರ್ಜೆಯ ಪುಡಿ ಅಂತ ಪ್ಯಾಕೆಟ್ ಮೇಲೆ ಬರೆದಿರೋದನ್ನೇ ತಗೊಳ್ಳಿ. ತಮಾಷೆ ಅಂದ್ರೆ ನಾವು ದಿನಾ ತುಳಿಯೋ ಶಹಾಬಾದ್ ಕಲ್ಲು, ಸೇಡಂ, ವಾಡಿ ಕಡೆ ಸಿಮೆಂಟಿಗೆ ಅಗೆಯೋ ಸುಣ್ಣದ ಕಲ್ಲು, ಎಲ್ಲಾ ಮುಖ್ಯವಾಗಿ ಇದೇ ಕ್ಯಾಲ್ಸಿಯಂ ಕಾರ್ಬೊನೇಟು. ಅಂತ ಹೇಳಿ ಅಂಗಳದ ಕಲ್ಲು ಕುಟ್ಟಬೇಡಿ ಮತ್ತೆ.

ಈ ಪೇಸ್ಟ್‌ಗೆ ನೊರೆ ಬರಲ್ಲ. ಮೊದಲ ವಾರ ಹಲ್ಲೇ ತಿಕ್ಕಿಲ್ಲ ಅನ್ನಿಸುತ್ತೆ. ನೊರೆ ಬರೋದು ಅಂಗಡಿ ಪೇಸ್ಟ್‌ನಲ್ಲಿ ಹಾಕಿರೋ ಸೋಪಿನಂಥ ವಸ್ತುವಿನಿಂದ. ಹಲ್ಲಿನ ಮೇಲಿನ ಪಾಚಿಯನ್ನ ಕೆರೆದು ತೆಗೆಯೋ ಕೆಲಸದಲ್ಲಿ ಹೆಚ್ಚಿನ ಪಾಲು ಬ್ರಷ್ಷಿಂದೇ. ಆದರೆ ನೊರೆ ಬರಲಿಲ್ಲ ಅಂತ ನಾವು ಗೊತ್ತಿಲ್ಲದೆ ಜೋರಾಗಿ ಉಜ್ಜೋಕೆ ಶುರು ಮಾಡ್ತೀವಿ. ನಾನೂ ಮಾಡಿದೆ. ನನ್ನ ಬ್ರಷ್ಷಿನ ಎಳೆಗಳು ಒಂದೇ ತಿಂಗಳಲ್ಲಿ ಹೂ ಬಿಟ್ಟ ಹಾಗೆ ಎರಡೂ ಕಡೆ ಬಾಗಿದ್ದವು. ಮೆತ್ತನೆ ಬ್ರಷ್ ಇರಲಿ, ಎರಡು ನಿಮಿಷ ನಿಧಾನಕ್ಕೆ ಸಾಕು.

ಈಗ ನನ್ನ ಎಡವಟ್ಟು ಹೇಳ್ತೀನಿ. ಎಡಗಡೆ ಮೇಲಿನ ಒಂದು ಹಲ್ಲು ಸಣ್ಣಗೆ ಜುಮ್ ಅಂತಿತ್ತು. ಪೇಸ್ಟ್‌ಗೆ ಲವಂಗದ ಎಣ್ಣೆ ಎರಡು ಹನಿ ಬದಲು ಎಂಟು ಹತ್ತು ಹನಿ ಹಾಕೋಕೆ ಶುರು ಮಾಡಿದೆ. ನೋವು ಹೋಯ್ತು. ನನ್ನ ಪೇಸ್ಟ್ ಹಲ್ಲು ವಾಸಿ ಮಾಡಿತು ಅಂತ ಸಿಕ್ಕಿದವರಿಗೆಲ್ಲಾ ಹೇಳಿಕೊಂಡು ತಿರುಗಿದೆ, ಇಬ್ಬರಿಗೆ ಡಬ್ಬಿ ತುಂಬಿ ಕೊಟ್ಟೂ ಕೊಟ್ಟೆ. ಲವಂಗದ ಎಣ್ಣೆಯಲ್ಲಿ ಹೆಚ್ಚು ಪಾಲು ಇರೋದು ಯೂಜಿನಾಲ್ ಅನ್ನೋ ವಸ್ತು, ಅದು ಜಾಗವನ್ನ ಮರಗಟ್ಟಿಸುತ್ತೆ ಅಷ್ಟೇ, ಹುಳುಕು ಒಳಗೆ ತನ್ನ ಪಾಡಿಗೆ ತಾನು ಕೊರೀತಾನೇ ಇರುತ್ತೆ. ಎರಡು ತಿಂಗಳಾದ ಮೇಲೆ ಒಂದು ಮದುವೆ ಊಟದಲ್ಲಿ ಕಟಕ್ ರೊಟ್ಟಿ ಕಡಿದಾಗ ಕಣ್ಣಲ್ಲಿ ನೀರು ಬಂತು. ಡಾಕ್ಟರ್ ಎಕ್ಸ್‌ರೇ ತೆಗೆದು, ಎರಡು ತಿಂಗಳ ಮುಂಚೆ ಬಂದಿದ್ದರೆ ಸಿಮೆಂಟ್ ತುಂಬಿ ಕಳಿಸ್ತಿದ್ದೆ, ಈಗ ರೂಟ್ ಕೆನಾಲೇ ಗತಿ ಅಂದರು. ಲವಂಗ ಜಾಸ್ತಿ ಹಾಕಿದ್ದಕ್ಕೆ ಒಸಡಿನ ಅಂಚೂ ಬೆಳ್ಳಗೆ ಸುಟ್ಟಿತ್ತು. ಪೇಸ್ಟ್ ಯಾವುದೇ ಇರಲಿ, ಹಲ್ಲು ಜುಮ್ ಅಂದರೆ ತೋರಿಸಿ.

ನಿಂಬೆಹಣ್ಣಿನ ವಿಷಯಕ್ಕೆ ಬರ್ತೀನಿ, ನೀವು ಬೆಳ್ಳಗಾಗೋಕೆ ಸೋಡಾ ನಿಂಬೆ ಸೇರಿಸಬಹುದಾ ಅಂತಲೂ ಕೇಳಿದ್ದೀರಿ. ಹಲ್ಲಿನ ಮೇಲಿನ ಗಟ್ಟಿ ಪದರ, ಎನಾಮಲ್, ಬಾಯಿಯ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಕರಗೋಕೆ ಶುರುವಾಗುತ್ತೆ. ನಿಂಬೆರಸದ ಪಿಎಚ್ ಎರಡರ ಹತ್ತಿರ. ಎರಡನ್ನೂ ಸೇರಿಸಿದಾಗ ಬುಸ್ ಅಂತ ಉಕ್ಕೋದು ನೋಡಿ ಏನೋ ಕೆಲಸ ಆಗ್ತಿದೆ ಅನ್ಕೋತೀವಿ, ನಿಜಕ್ಕೂ ಹುಳಿ, ಸೋಡಾ ಎರಡೂ ಒಂದನ್ನೊಂದು ತಿಂದು ಹಾಕ್ತಿರುತ್ತವೆ, ಮಿಕ್ಕ ಹುಳಿ ಹಲ್ಲು ತಿನ್ನುತ್ತೆ. ಎನಾಮಲ್ ಒಮ್ಮೆ ಹೋದರೆ ಮತ್ತೆ ಬೆಳೆಯಲ್ಲ, ಉಗುರಲ್ಲ ಅದು. ಕುಳ್ಳಿನ ಬೂದಿ, ಇಟ್ಟಿಗೆ ಪುಡಿ, ತೊಗರಿ ಕಟ್ಟಿಗೆಯ ಇದ್ದಿಲು, ಇವೂ ಬೇಡ. ನಮ್ಮ ತಾತ ಇದ್ದಿಲು ಉಪ್ಪಲ್ಲೇ ತಿಕ್ಕಿ ತೊಂಬತ್ತು ವರ್ಷ ಬದುಕಿದರು ಅಂತ ನಾನೂ ವಾದ ಮಾಡ್ತಿದ್ದೆ. ಬದುಕಿದ್ದು ನಿಜ, ಆದರೆ ಅವರ ಹಲ್ಲುಗಳ ಬುಡದಲ್ಲಿ ಕೊಡಲಿ ಕಚ್ಚು ಹಾಕಿದ ಹಾಗೆ ತಗ್ಗು ಬಿದ್ದಿದ್ದವು, ತಣ್ಣೀರು ಕುಡಿಯೋಕೆ ಆಗ್ತಿರಲಿಲ್ಲ. ಬೇವಿನ ಕಡ್ಡಿ, ಜಾಲಿ ಕಡ್ಡಿ, ಬಂದೇನವಾಜ್ ದರ್ಗಾದ ಕಡೆ ಸಿಗೋ ಮಿಸ್ವಾಕ್ ಪರವಾಗಿಲ್ಲ, ತುದಿಯನ್ನ ಚೆನ್ನಾಗಿ ಜಗಿದು ಕುಂಚದ ಥರ ಮೆತ್ತಗೆ ಮಾಡಿಕೊಂಡರೆ.

ಮನೆಯಲ್ಲಿ ಹಿರಿಯರು ಮಿಶ್ರಿ ತಿಕ್ಕುತ್ತಿದ್ದರೆ ಅದನ್ನ ಮಾತ್ರ ಬಿಡಿಸಿ. ಅದು ಹುರಿದ ತಂಬಾಕು. ಹಲ್ಲುಪುಡಿ, ಪೇಸ್ಟ್‌ಗೆ ತಂಬಾಕು ಬೆರೆಸೋದನ್ನ ಕೇಂದ್ರ ಸರ್ಕಾರ 1992ರಲ್ಲೇ ನಿಷೇಧ ಮಾಡಿದೆ, ಆದರೂ ನಮ್ಮ ಕಡೆ ಎಷ್ಟೋ ಅಜ್ಜಿಯರಿಗೆ ಬೆಳಿಗ್ಗೆ ಅದು ಇಲ್ಲದೆ ಸಂಡಾಸೇ ಆಗಲ್ಲ. ಚಟ ಅದು, ಹಲ್ಲಿನ ಆರೈಕೆ ಅಲ್ಲ.

ಇನ್ನು ನಿಮ್ಮ ಅಸಲಿ ಪ್ರಶ್ನೆ, ಫ್ಲೋರೈಡ್. ಶಹಾಪುರದ ಮಲಗಿದ ಬುದ್ಧನ ಬೆಟ್ಟ ಇದೆಯಲ್ಲ, ಆ ಥರದ ಗ್ರಾನೈಟ್ ಬಂಡೆಯೇ ನಿಮ್ಮ ಕಡೆ ನೆಲದ ಒಳಗೂ ಇರೋದು. ಇಂಥ ಬಂಡೆಗಳಲ್ಲಿ ಫ್ಲೋರೈಡ್ ಇರೋ ಖನಿಜ ಇರುತ್ತೆ, ನೀರು ಆಳದಲ್ಲಿ ವರ್ಷಗಟ್ಟಲೆ ಬಂಡೆ ಸಂದಿಯಲ್ಲಿ ನಿಂತಾಗ ಅದು ನೀರಿಗೆ ಇಳಿಯುತ್ತೆ. ಯಾದಗಿರಿ, ರಾಯಚೂರು ಕಡೆ ಎಷ್ಟೋ ಬೋರ್‌ಗಳಲ್ಲಿ ಇದೇ ಕಥೆ. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ ಹೇಳುತ್ತೆ.

ಒಂದು ಲೆಕ್ಕ ಹಾಕೋಣ. ನಿಮ್ಮ ಬೋರ್ ನೀರಲ್ಲಿ ಲೀಟರಿಗೆ 3 ಮಿಲಿಗ್ರಾಂ ಇದೆ ಅಂದುಕೊಳ್ಳಿ. ನಮ್ಮ ಬಿಸಿಲಿಗೆ ದೊಡ್ಡವರು ದಿನಕ್ಕೆ ನಾಲ್ಕು ಲೀಟರ್ ಕುಡಿಯೋದೇನು ದೊಡ್ಡ ಮಾತಲ್ಲ. ಅಲ್ಲಿಗೆ 12 ಮಿಲಿಗ್ರಾಂ ಹೊಟ್ಟೆಗೆ ಹೋಯ್ತು. ಅಂಗಡಿ ಪೇಸ್ಟ್‌ನಲ್ಲಿ ಫ್ಲೋರೈಡ್ 1000 ಪಿಪಿಎಂ, ಅಂದ್ರೆ ಹತ್ತು ಲಕ್ಷ ಪಾಲಿಗೆ 1000 ಪಾಲು, ಇದ್ದರೆ ಒಂದು ಗ್ರಾಂ ಪೇಸ್ಟ್‌ಗೆ 1 ಮಿಲಿಗ್ರಾಂ. ಬಟಾಣಿ ಕಾಳಿನಷ್ಟು ಪೇಸ್ಟ್ ಅಂದ್ರೆ ಸುಮಾರು ಕಾಲು ಗ್ರಾಂ, ಅಂದ್ರೆ ಕಾಲು ಮಿಲಿಗ್ರಾಂ, ಅದರಲ್ಲೂ ಹೆಚ್ಚಿನದನ್ನ ಉಗುಳ್ತೀವಿ. ಪೇಸ್ಟ್ ನಿಲ್ಲಿಸಿ ಅದೇ ನೀರು ಕುಡೀತಾ ಇದ್ದರೆ ಏನು ಬಂತು, ನೀವೇ ಹೇಳಿ?

ಇನ್ನೊಂದು ವಿಷಯ, ನುಂಗಿದ ಫ್ಲೋರೈಡ್ ಬೇರೆ, ಹಲ್ಲಿಗೆ ಮೇಲಿಂದ ತಾಗೋದು ಬೇರೆ. ಜಾಸ್ತಿ ನುಂಗಿದ ಫ್ಲೋರೈಡಿಂದ ಮಚ್ಚೆ ಬೀಳೋದು ಹಲ್ಲು ಇನ್ನೂ ದವಡೆಯ ಒಳಗೆ ರೂಪುಗೊಳ್ಳುವಾಗ, ಸುಮಾರು ಎಂಟು ವರ್ಷದವರೆಗೆ. ಹೊರಗೆ ಬಂದ ಹಲ್ಲಿಗೆ ಮೇಲಿಂದ ಸ್ವಲ್ಪ ತಾಗಿದರೆ ಹುಳಿಗೆ ಕರಗಿದ ಖನಿಜ ಮತ್ತೆ ಕೂರೋಕೆ ಅದು ಸಹಾಯ ಮಾಡುತ್ತೆ, ಹುಳುಕು ತಡೆಯುತ್ತೆ. ನನ್ನ ಡಬ್ಬಿಯಲ್ಲಿರೋ ಪೇಸ್ಟ್‌ಗೆ ಆ ಗುಣ ಇಲ್ಲ. ಅದು ಹಲ್ಲು ತೊಳೆಯುತ್ತೆ, ಅಷ್ಟೇ.

ಅಂದ್ರೆ ನೀವು ಜಾಸ್ತಿ ಚಿಂತೆ ಮಾಡಬೇಕಾದ್ದು ಮಗಳ ಮಚ್ಚೆಗಿಂತ ಚಿಕ್ಕ ಮಗನ ಬಗ್ಗೆ. ಹಾಲುಹಲ್ಲು ಬಿದ್ದ ಮೇಲೆ ಬರೋ ಅವನ ಪಕ್ಕಾ ಹಲ್ಲುಗಳು ಈಗ ಒಸಡಿನ ಒಳಗೆ ತಯಾರಾಗ್ತಾ ಇವೆ. ಅವನಿಗೆ ಇವತ್ತಿನಿಂದಲೇ ನೀರು ಬದಲಿಸಿ. ಕುದಿಸಿ ಆರಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ, ಉಳಿದ ನೀರಲ್ಲಿ ಅದರ ಪ್ರಮಾಣ ಇನ್ನೂ ಜಾಸ್ತಿಯಾಗುತ್ತೆ. ಕ್ಯಾಂಡಲ್ ಫಿಲ್ಟರೂ ತೆಗೆಯಲ್ಲ. ಆರ್‌ಒ, ಅಂದ್ರೆ ನೀರನ್ನ ಒತ್ತಡದಿಂದ ಸಣ್ಣ ಪರದೆಯ ಮೂಲಕ ಸೋಸೋ ಯಂತ್ರ, ತೆಗೆಯುತ್ತೆ. ಊರಲ್ಲಿ ಕಾಯಿನ್ ಹಾಕಿ ಕೊಡ ತುಂಬೋ ಶುದ್ಧ ನೀರಿನ ಘಟಕ ಕೆಟ್ಟಿಲ್ಲ ಅಂದ್ರೆ ಅಲ್ಲಿಂದ ತನ್ನಿ, ಕುಡಿಯೋಕೆ ಮಾತ್ರ ಅಲ್ಲ, ಬೇಳೆ, ಅನ್ನ, ಗಂಜಿಗೂ ಅದೇ ನೀರು. ಮಗನಿಗೆ ಪೇಸ್ಟ್ ಅಕ್ಕಿ ಕಾಳಿನಷ್ಟು, ಮಗಳಿಗೆ ಬಟಾಣಿಯಷ್ಟು, ಪಕ್ಕದಲ್ಲಿ ನಿಂತು ಉಗುಳಿಸಿ. ಮಗಳ ಮಚ್ಚೆಯನ್ನ ಒಮ್ಮೆ ಡಾಕ್ಟರಿಗೆ ತೋರಿಸಿ, ಬಿಳಿ ಮಚ್ಚೆ ಎಲ್ಲಾ ಫ್ಲೋರೈಡಿಂದಲೇ ಬರಲ್ಲ, ಹುಳುಕಿನ ಶುರುವೂ ಹಾಗೇ ಕಾಣುತ್ತೆ. ಫ್ಲೋರೈಡಿಂದೇ ಆಗಿದ್ದರೆ ಯಾವ ಪೇಸ್ಟೂ ಅದನ್ನ ತೆಗೆಯಲ್ಲ, ಸೋಡಾ ಹಾಕಿ ಉಜ್ಜಬೇಡಿ ಪಾಪ.

ನಾನು ಈಗ ಬೆಳಿಗ್ಗೆ ನನ್ನ ಡಬ್ಬಿ ಪೇಸ್ಟ್, ರಾತ್ರಿ ಮಲಗೋ ಮುಂಚೆ ಫ್ಲೋರೈಡ್ ಇರೋ ಅಂಗಡಿ ಪೇಸ್ಟ್ ಬಳಸ್ತೀನಿ, ರಾತ್ರಿದು ಉಗುಳಿ ಸುಮ್ನೆ ಮಲಗ್ತೀನಿ, ಬಾಯಿ ತುಂಬಾ ನೀರು ಹಾಕಿ ಮುಕ್ಕಳಿಸಲ್ಲ. ಅಮ್ಮನಿಗೆ ನನ್ನ ಪೇಸ್ಟ್ ಮೇಲೆ ಈಗಲೂ ನಂಬಿಕೆ ಇಲ್ಲ. ಡಬ್ಬಿ ತಳದಲ್ಲಿ ಉಳಿದದ್ದನ್ನ ಹಿತ್ತಾಳೆ ದೀಪದ ಸಮೆ ತಿಕ್ಕೋಕೆ ತಗೊಂಡು ಹೋಗ್ತಾಳೆ, ಚೆನ್ನಾಗಿ ಹೊಳೆಯುತ್ತಂತೆ.

ಪೇಸ್ಟ್ ಕಲಸೋ ಮುಂಚೆ ಒಂದು ಲೀಟರ್ ಬೋರ್ ನೀರನ್ನ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಜಿಲ್ಲೆಯ ಕುಡಿಯುವ ನೀರಿನ ಲ್ಯಾಬಿಗೆ ಕೊಡಿ, ಪಂಚಾಯ್ತಿಯಲ್ಲಿ ಕೇಳಿದರೆ ಎಲ್ಲಿ ಅಂತ ಹೇಳ್ತಾರೆ. ರಿಪೋರ್ಟ್ ಬಂದಾಗ ಆ ಸಂಖ್ಯೆ ಇಲ್ಲಿ ಹಾಕಿ, ಆರ್‌ಒ ತಗೊಳ್ಳಬೇಕಾ, ಘಟಕದ ನೀರೇ ಸಾಕಾ ನೋಡೋಣ.