ಮುಂಗಡ ಪಡೆದ ಗುತ್ತಿಗೆದಾರ ಕೈಗೆ ಸಿಗುತ್ತಿಲ್ಲ, ಬಿಟ್ಟುಬಿಡಲೇ?

ಪ್ರಶ್ನೆ: ಬಾಡಿಗೆಗೆ ಕೊಡಲೆಂದು ಸಾಲ ಮಾಡಿ ಹಳೆಯ ಮನೆಯೊಂದನ್ನು ಕೊಂಡು ನವೀಕರಣಕ್ಕೆ ಕೊಟ್ಟಿದ್ದೇನೆ. ನಾಲ್ಕು ತಿಂಗಳಲ್ಲಿ ಮುಗಿಸಿಕೊಡುತ್ತೇನೆ ಎಂದಿದ್ದ ಗುತ್ತಿಗೆದಾರರು ಏಳು ತಿಂಗಳಾದರೂ ಅರ್ಧ ಕೆಲಸವನ್ನೂ ಮುಗಿಸಿಲ್ಲ. ಒಪ್ಪಿದ ಮೊತ್ತದಲ್ಲಿ ಶೇ 70ರಷ್ಟನ್ನು ಈಗಾಗಲೇ ಕೊಟ್ಟಿದ್ದೇನೆ. ಫೋನ್ ಮಾಡಿದರೆ ‘ನಾಳೆ ಬರುತ್ತೇನೆ’ ಎನ್ನುತ್ತಾರೆ. ಈಗ ಟೈಲ್ಸ್ ತರಲು ಇನ್ನೂ ಶೇ 10 ಕೊಡಿ ಎಂದು ಕೇಳುತ್ತಿದ್ದಾರೆ. ಮಧ್ಯದಲ್ಲಿ ನಾನು ಅಡುಗೆಮನೆಯ ವಿನ್ಯಾಸವನ್ನು ಬದಲಿಸಿದ್ದೂ ನಿಜ. ಬೇರೆಯವರನ್ನು ಕರೆತರಬೇಕೇ, ಇವರಿಂದಲೇ ಮುಗಿಸಿಕೊಳ್ಳಬೇಕೇ?

ಉತ್ತರ: ಮೊದಲ ಮಾತು, ಟೈಲ್ಸ್ ಹಣವನ್ನು ಅವರ ಕೈಗೆ ಕೊಡಬೇಡಿ. ಉಳಿದದ್ದನ್ನು ಸಾವಧಾನವಾಗಿ ನೋಡೋಣ.

ಅವರು ಏಕೆ ಬರುತ್ತಿಲ್ಲ ಎಂಬುದು ನಿಮ್ಮ ಪತ್ರದಲ್ಲಿರುವ ಅಂಕಿಗಳಲ್ಲೇ ಇದೆ. ಒಪ್ಪಂದದ ಮೊತ್ತ 100 ಎಂದಿಟ್ಟುಕೊಳ್ಳಿ. ನೀವು ಕೊಟ್ಟಿದ್ದು 70. ಆಗಿರುವ ಕೆಲಸದ ಬೆಲೆ ಹೆಚ್ಚೆಂದರೆ 45. ಅಂದರೆ ಇನ್ನು ಮುಂದೆ ಅವರು 30 ಪಡೆದು 55ರ ಕೆಲಸ ಮಾಡಬೇಕು. ಯಾರು ತಾನೇ ಓಡೋಡಿ ಬಂದಾರು? ಇಂಥ ಪ್ರಕರಣಗಳಲ್ಲಿ ಮುಂಗಡವು ಸಾಮಾನ್ಯವಾಗಿ ಹಿಂದಿನ ಯಾವುದೋ ಮನೆಯ ಬಾಕಿ ತೀರಿಸಲು ಹೋಗಿರುತ್ತದೆ. ನಿಮ್ಮ ಮನೆ ಮುಗಿಯಬೇಕಾದರೆ ಮುಂದಿನ ಗಿರಾಕಿಯ ಮುಂಗಡ ಬರಬೇಕು. ನೀವು ರೇಗಿದರೆ ಎರಡು ದಿನ ಇಬ್ಬರು ಕೆಲಸಗಾರರು ಬಂದು ಗೋಡೆ ಕೆರೆದು ಹೋಗುತ್ತಾರೆ, ಮೂರನೆಯ ದಿನ ಮತ್ತದೇ ಸಬೂಬು. ಇನ್ನೂ ಹಣ ಕೊಟ್ಟರಂತೂ ಅವರು ಬರದಿರುವುದಕ್ಕೆ ಕಾರಣವನ್ನು ನೀವೇ ಹೆಚ್ಚಿಸಿದಂತೆ.

ಆದ್ದರಿಂದ ಕೊಟ್ಟ 70ನ್ನು ಸದ್ಯಕ್ಕೆ ಮರೆತು ಮುಂದಿನ ಖರ್ಚನ್ನಷ್ಟೇ ಹೋಲಿಸಿ. ಒಬ್ಬರ ಅರೆಬರೆ ಕೆಲಸವನ್ನು ಮತ್ತೊಬ್ಬರು ವಹಿಸಿಕೊಳ್ಳುವಾಗ ಹಿಂದಿನವರ ತಪ್ಪಿನ ಹೊರೆಯನ್ನೂ ದರಕ್ಕೆ ಸೇರಿಸುತ್ತಾರೆ. 55ರ ಕೆಲಸಕ್ಕೆ 65 ಕೇಳಿದರೆ ಬೆಚ್ಚಬೇಡಿ. ಹಳಬರು ಮುಗಿಸಿದರೆ ಕಾಗದದ ಮೇಲೆ 30 ಸಾಕು. ಆದರೆ ಅವರು ಇನ್ನೂ ಎಷ್ಟು ತಿಂಗಳು ಎಳೆಯಬಹುದೋ ಅಷ್ಟು ತಿಂಗಳ ಸಾಲದ ಬಡ್ಡಿ ಮತ್ತು ಕೈತಪ್ಪುವ ಬಾಡಿಗೆಯನ್ನು ಆ 30ಕ್ಕೆ ಸೇರಿಸಿ. ಹೂಡಿಕೆಯ ಮನೆಯಲ್ಲಿ ವಿಳಂಬವೂ ಒಂದು ಖರ್ಚು. ಯಾರೂ ರಸೀದಿ ಕೊಡುವುದಿಲ್ಲವಾದ್ದರಿಂದ ಅದು ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ.

ಈ ಲೆಕ್ಕಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಮಾಡಿರುವ ಕೆಲಸ ಹೇಗಿದೆ? ತಡ ಮಾಡುವವರೊಂದಿಗೆ ಹೇಗೋ ಏಗಬಹುದು. ಮುಚ್ಚಿಹೋಗುವ ಜಾಗದಲ್ಲಿ ಕಳಪೆ ಕೆಲಸ ಮಾಡುವವರೊಂದಿಗೆ ಒಂದು ದಿನವೂ ಮುಂದುವರಿಯಬಾರದು. ಸ್ನಾನದ ಮನೆಯಿಂದ ಆರಂಭಿಸಿ. ಟೈಲ್ಸ್ ಹಾಕುವ ಮುನ್ನ ನೀರು ಹೋಗುವ ಕಿಂಡಿಯನ್ನು ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಎರಡು ಬೆರಳು ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ ಬಿಡಿ. ಗೆರೆಗಿಂತ ನೀರು ಸ್ಪಷ್ಟವಾಗಿ ಇಳಿದಿದ್ದರೆ ಅಥವಾ ಕೆಳಗಿನ ಚಾವಣಿಯಲ್ಲಿ, ಪಕ್ಕದ ಗೋಡೆಯ ಬುಡದಲ್ಲಿ ತೇವ ಕಂಡರೆ ಜಲನಿರೋಧಕ ಲೇಪನ ಸರಿಯಾಗಿಲ್ಲ ಎಂದೇ ಅರ್ಥ. ಗೋಡೆಯೊಳಗಿನ ನೀರಿನ ಕೊಳವೆಗಳನ್ನು ಗಾರೆ ಮುಚ್ಚುವ ಮುನ್ನವೇ ಒತ್ತಡ ಪರೀಕ್ಷೆಗೆ ಒಳಪಡಿಸಬೇಕು: ಬಳಕೆಯ ಒತ್ತಡದ ಸುಮಾರು ಒಂದೂವರೆ ಪಟ್ಟಿಗೆ ಏರಿಸಿ, ಮಾಪಕದ ಮುಳ್ಳು ಇಳಿಯುತ್ತದೆಯೇ ಎಂದು ಕಾದು ನೋಡುವುದು. ‘ಏನೂ ಆಗುವುದಿಲ್ಲ ಬಿಡಿ’ ಎಂಬ ಉತ್ತರ ಬಂದರೆ ಪರೀಕ್ಷೆ ಮಾಡಲೇಬೇಕೆಂದು ತಿಳಿಯಿರಿ. ಹಾಕಿರುವ ಟೈಲ್ಸ್ ಇದ್ದರೆ ನಾಣ್ಯದಿಂದ ತಟ್ಟಿ. ಟೊಳ್ಳು ಸದ್ದು ಬಂದಲ್ಲಿ ಅಡಿಯಲ್ಲಿ ಗಾರೆ ತುಂಬಿಲ್ಲ. ಎಲ್ಲಾದರೂ ಗೋಡೆ ಕೆಡವಿದ್ದರೆ ಗುತ್ತಿಗೆದಾರರಿಗೆ ಸಂಬಂಧವಿಲ್ಲದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಆಗಿರುವ ಕೆಲಸದ ಬೆಲೆ ನಿಜಕ್ಕೂ 45 ಹೌದೋ ಅಲ್ಲವೋ ಎಂಬ ಅಂದಾಜನ್ನೂ ಅವರಿಂದಲೇ ಬರೆಸಿಕೊಳ್ಳಿ.

ಅಡುಗೆಮನೆಯ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಪಕ್ಷವಲ್ಲ. ವಿನ್ಯಾಸ ಬದಲಾದಾಗ ಎಷ್ಟು ಹಣ, ಎಷ್ಟು ದಿನ ಹೆಚ್ಚು ಎಂದು ನೀವಿಬ್ಬರೂ ಬರೆದಿಟ್ಟುಕೊಂಡಿಲ್ಲವೆಂದು ಕಾಣುತ್ತದೆ. ಜಗಳ ಎದ್ದ ದಿನ ಅವರು ಎಲ್ಲ ವಿಳಂಬವನ್ನೂ ಅದರ ತಲೆಗೇ ಕಟ್ಟುತ್ತಾರೆ. ಅದರ ಬೆಲೆಯನ್ನು ಈಗಲಾದರೂ ಇತ್ಯರ್ಥ ಮಾಡಿಕೊಳ್ಳಿ.

ಕೆಲಸ ಚೆನ್ನಾಗಿದ್ದು ಹಣದ ಬಿಕ್ಕಟ್ಟಷ್ಟೇ ಇದ್ದರೆ ಒಪ್ಪಂದವನ್ನು ಬದಲಿಸಿ ಮುಂದುವರಿಸುವುದು ನನ್ನ ಸಲಹೆ. ಉಳಿದ 30ನ್ನು ಸಣ್ಣ ಕಂತುಗಳಾಗಿ ಒಡೆಯಿರಿ. ಒಂದೊಂದು ಕಂತೂ ಮುಗಿದು ಅಳತೆಯಾದ ಕೆಲಸಕ್ಕೇ ಸಲ್ಲಬೇಕು, ತಾರೀಖಿಗಲ್ಲ. ಸಾಮಗ್ರಿಯನ್ನು ನೀವೇ ಕೊಳ್ಳಿ, ಬಿಲ್ ನಿಮ್ಮ ಹೆಸರಿನಲ್ಲಿರಲಿ, ಅದರ ಬೆಲೆಯನ್ನು ಉಳಿದ ಹಣದಲ್ಲಿ ಮುರಿದುಕೊಳ್ಳಿ. ಹೀಗೆ ಮಾಡಿದರೂ ಕೊನೆಗೆ 30 ಸಾಲದೆ ನಿಮ್ಮ ಕೈಯಿಂದ ಸ್ವಲ್ಪ ಹೋಗಬಹುದು. ಅದು 65ಕ್ಕಿಂತ ಎಷ್ಟು ಕಡಿಮೆ ಎಂಬುದಷ್ಟೇ ನಿಮಗೆ ಮುಖ್ಯ. ಒಪ್ಪಂದದ ಮೊತ್ತದಲ್ಲಿ ಶೇ 5ರಿಂದ 10ರಷ್ಟನ್ನು ಕೊನೆಗೆ ತಡೆಹಿಡಿದು, ಮನೆ ಬಳಕೆಗೆ ಬಂದು ಕೆಲವು ತಿಂಗಳಾದ ಮೇಲೆ ಕೊಡುವುದು ರೂಢಿಯಲ್ಲಿದೆ. ಅದನ್ನೂ ಸೇರಿಸಿ.

ಬಿಡಲೇಬೇಕಾದರೆ ಏಕಾಏಕಿ ಬೀಗ ಹಾಕಬೇಡಿ. ಒಪ್ಪಂದ ರದ್ದುಮಾಡುವ ಷರತ್ತು ಏನಿದೆ, ಎಷ್ಟು ದಿನದ ನೋಟಿಸ್ ಕೊಡಬೇಕು ಎಂದು ಓದಿ, ಬೇಕಿದ್ದರೆ ವಕೀಲರನ್ನು ಕೇಳಿ. ಇಲ್ಲದಿದ್ದರೆ ಕರಾರು ಮುರಿದವರು ನೀವೇ ಎಂದಾದೀತು. ಅವರ ಎದುರಿನಲ್ಲೇ ಅಳತೆ ಮಾಡಿಸಿ, ಕೋಣೆವಾರು ಫೋಟೊ ತೆಗೆದು, ಸ್ಥಳದಲ್ಲಿರುವ ಸಾಮಗ್ರಿಯ ಪಟ್ಟಿಗೆ ಸಹಿ ಹಾಕಿಸಿಕೊಳ್ಳಿ. ಅವರು ಬರದಿದ್ದರೆ ಎಂಜಿನಿಯರ್ ಸಹಿ ಇರಲಿ. ನಿಮ್ಮ ಮನೆಯ ಹೆಸರಿನಲ್ಲಿ ಸಾಲ ತಂದ ಸಿಮೆಂಟಿನ ಬಾಕಿ, ಕೆಲಸಗಾರರ ಕೂಲಿ ಬಾಕಿ ಎಷ್ಟಿದೆ ಎಂದೂ ವಿಚಾರಿಸಿ. ಅವರೆಲ್ಲ ನಾಳೆ ಬಂದು ನಿಲ್ಲುವುದು ನಿಮ್ಮ ಬಾಗಿಲಿಗೇ.

ಟೈಲ್ಸ್ ಕೊಳ್ಳುವಾಗ ಅಳತೆಗಿಂತ ಶೇ 10ರಷ್ಟು ಹೆಚ್ಚು ತನ್ನಿ, ಎಲ್ಲ ಪೆಟ್ಟಿಗೆಗಳ ಬ್ಯಾಚ್ ಸಂಖ್ಯೆ ಒಂದೇ ಇದೆಯೇ ನೋಡಿ. ಆಮೇಲೆ ತರಿಸಿದರೆ ಬಣ್ಣ ಹೊಂದದಿರಬಹುದು.